ಉಪ್ಪಿಲ್ಲದ ಎಡೆ

ನಮ್ಮ ಬಚ್ಚಲುಮನೆ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ. ಮೊದಲು ಇತ್ತು, ನಾನೇ ಬಿಚ್ಚಿದೆ. ನನ್ನ ಗಂಡ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದ ವಾರದಲ್ಲೇ ಸ್ಕ್ರೂಡ್ರೈವರ್ ಹಿಡಿದು ನಿಂತವಳು ನಾನು. ಅವರು ಸ್ನಾನಕ್ಕೆ ಹೋದರೆ ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಚೊಂಬಿನ ಸದ್ದಿಗೆ ಕಿವಿಗೊಟ್ಟಿರುತ್ತೇನೆ. ಚೊಂಬು ನೀರಿನಲ್ಲಿ ಮುಳುಗಬೇಕು, ಮೈಮೇಲೆ ಸುರಿಯಬೇಕು, ಮತ್ತೆ ಮುಳುಗಬೇಕು. ನಡುವೆ ಸದ್ದು ನಿಂತರೆ ನನ್ನ ಚಾಕುವೂ ನಿಲ್ಲುತ್ತದೆ.

"ರೀ?"

"ಸೋಪ್ ಹಚ್ಕೊಳ್ತಾ ಇದೀನಿ ಕಣೆ. ಇನ್ನೂ ಇದೀನಿ."

ಈ 'ಇನ್ನೂ ಇದೀನಿ' ಅವರ ತಮಾಷೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆದರೂ ಅದನ್ನು ಕೇಳುವುದಕ್ಕೇ ಕೂಗುತ್ತೇನೆ.

ನಮ್ಮದು ದೊಡ್ಡಬಳ್ಳಾಪುರದಿಂದ ರಾಜಘಟ್ಟದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ. ನಾನು ಪಕ್ಕದೂರಿನ ಪ್ರಾಥಮಿಕ ಶಾಲೆಯಲ್ಲಿ ಮೇಡಂ. ನನ್ನ ಗಂಡ ರಾಗಿ ಹೊಲ, ಒಂದಷ್ಟು ದ್ರಾಕ್ಷಿ, ಹಸುಗಳನ್ನು ನೋಡಿಕೊಳ್ಳುತ್ತಾರೆ. ಮನೆಯಲ್ಲಿ ನಾವಿಬ್ಬರು, ಮತ್ತೆ ನನ್ನ ಅತ್ತೆ. ಮಗಳು ಓದಲು ತುಮಕೂರಿನಲ್ಲಿದ್ದಾಳೆ. ಮಾವನವರನ್ನು ನಾನು ನೋಡಿಲ್ಲ. ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ತೀರಿಕೊಂಡಾಗ ಅವರಿಗೆ ಹೆಚ್ಚುಕಡಿಮೆ ಈಗ ನನ್ನ ಗಂಡನಿಗಿರುವಷ್ಟೇ ವಯಸ್ಸು. ಈ ಲೆಕ್ಕ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ತಲೆಯಿಂದ ಮಾತ್ರ ಅದು ಇಳಿಯುವುದೂ ಇಲ್ಲ.

ಮಾವ ಹೋದದ್ದು ಗ್ಯಾಸ್‌ನಿಂದ ಎಂದು ಮನೆಯಲ್ಲಿ ಹೇಳುತ್ತಿದ್ದರು. ನಮ್ಮ ಕಡೆ ಕತ್ತಿನಿಂದ ಕೆಳಗೆ, ಸೊಂಟದಿಂದ ಮೇಲೆ ಏನೇ ಆದರೂ ಅದಕ್ಕೆ ಹೆಸರು ಒಂದೇ: ಗ್ಯಾಸ್. ಎದೆ ಹಿಂಡಿದರೆ ಗ್ಯಾಸ್, ಬೆನ್ನಿಗೆ ಚುಚ್ಚಿದರೆ ಗ್ಯಾಸ್, ಕೈ ಸೆಳೆದರೂ ಗ್ಯಾಸ್ ಅಲ್ಲಿಗೆ ಹೋಗಿ ಕೂತಿದೆ ಅನ್ನುತ್ತಾರೆ. ಸೋಡಾ ಕುಡಿಯುವುದು, ಓಂಕಾಳು ಅಗಿಯುವುದು, ಬೆನ್ನಿಗೆ ನಾಲ್ಕು ಗುದ್ದು ಹಾಕಿಸಿಕೊಳ್ಳುವುದು. ತೇಗು ಬಂದರೆ ಗೆದ್ದೆವು. "ನಿಮ್ಮಾವಂಗೆ ತೇಗೇ ಬರ್ಲಿಲ್ಲ ಕಣವ್ವ," ಎಂದು ಅತ್ತೆ ಎಷ್ಟೋ ಸಲ ಹೇಳಿದ್ದರು. "ಓಂಕಾಳು ನೀರು ಕಾಸಿ ಕುಡಿಸ್ದೆ. ಗ್ಯಾಸು ಮೇಲಕ್ಕೆ ಏರಿ ಎದೆ ಹಿಡ್ಕಂಡ್ಬಿಡ್ತು."

ಕಳೆದ ವರ್ಷ ಚಳಿಗಾಲದಲ್ಲಿ ನನ್ನ ಗಂಡ ಹಾಲು ಕರೆಯುತ್ತಿದ್ದವರು ಕೊಟ್ಟಿಗೆಯ ಗೋಡೆಗೆ ಒರಗಿ, "ಗ್ಯಾಸ್ ಆಗೈತೆ, ಒಂದು ಸೋಡಾ ತರ್ಸು," ಅಂದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ಚಳಿಯಲ್ಲೂ ಅಂಗಿ ಬೆವರಿನಿಂದ ಒದ್ದೆ. ಶಾಲೆಯಲ್ಲಿ ಹಿಂದೆ ಒಮ್ಮೆ ಆರೋಗ್ಯ ಇಲಾಖೆಯವರು ಬಂದು ಹೃದಯಾಘಾತದ ಬಗ್ಗೆ ಹೇಳಿದ್ದ ಮಾತು ಅದೃಷ್ಟಕ್ಕೆ ನೆನಪಿಗೆ ಬಂತು. ಸೋಡಾ ತರಿಸಲಿಲ್ಲ, ಪಕ್ಕದ ಮನೆಯವರ ಕಾರು ತರಿಸಿದೆ. ದೊಡ್ಡಬಳ್ಳಾಪುರದಲ್ಲಿ ನೋಡಿ, ಬೆಂಗಳೂರಿಗೆ ಓಡಿಸಿದರು. ಆ ದಿನವೇ ಸ್ಟೆಂಟ್ ಹಾಕಿದರು.

ಮನೆಯಲ್ಲಿ ಹಿಂದೆ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಎಂದು ಅಲ್ಲಿಯ ಡಾಕ್ಟರು ಕೇಳಿದರು. "ಇಲ್ಲ ಸಾ, ನಮ್ಮಪ್ಪ ಗ್ಯಾಸ್ಟ್ರಿಕ್‌ನಲ್ಲಿ ಹೋದ್ರು," ಅಂದರು ನನ್ನ ಗಂಡ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದರು. "ಗ್ಯಾಸ್ಟ್ರಿಕ್‌ನಿಂದ ಯಾರೂ ಹಾಗೆ ಹೋಗಲ್ಲ," ಅಂದರು. ನಾವು ಗಂಡ ಹೆಂಡತಿ ಮಾತಾಡಿಕೊಂಡು ಇದನ್ನು ಅತ್ತೆಗೆ ಹೇಳುವುದು ಬೇಡ ಎಂದು ತೀರ್ಮಾನಿಸಿದೆವು. ಇಷ್ಟು ವಯಸ್ಸಾದ ಮೇಲೆ ಅವರಿಗೆ ಅದನ್ನು ತಿಳಿಸಿ ಯಾರಿಗೆ ಏನು ಲಾಭ?

ಹಾಗಾಗಿ ಅತ್ತೆಯ ಪಾಲಿಗೆ ಮಗನದ್ದೂ ಗ್ಯಾಸೇ. ನಡುವೆ ಸಿಕ್ಕಿಕೊಂಡವಳು ನಾನು. ಉಪ್ಪು ಕಡಿಮೆ, ಎಣ್ಣೆ ಕಡಿಮೆ, ಬೀಡಿ ಸಿಗರೇಟು ಪೂರ್ತಿ ಬಂದ್, ದಿನಾ ನಡಿಗೆ, ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಡಾಕ್ಟರು ಹೇಳುವಾಗ ಎಷ್ಟು ಸಲೀಸಾಗಿ ಕೇಳಿಸಿತ್ತು! ಉಪ್ಸಾರು ತಿಂದು ಬೆಳೆದ ಮನುಷ್ಯನಿಗೆ ಉಪ್ಪು ಕಡಿಮೆ ಮಾಡು ಎಂದರೆ ಹೇಗಿರುತ್ತದೆ ಎಂಬುದು ಆ ಡಾಕ್ಟರಿಗೆ ಗೊತ್ತೇ? ಹೆಸರಿನಲ್ಲೇ ಉಪ್ಪಿದೆ. ಮೊದಲ ದಿನ ತಟ್ಟೆಯ ಮುಂದೆ ಕೂತು ಒಂದು ತುತ್ತು ನುಂಗಿ, "ಇದಕ್ಕೆ ಉಪ್ಸಾರು ಅನ್ಬೇಡ, ಬರೀ ಸಾರು ಅನ್ನು," ಅಂದರು. ಅವತ್ತಿನಿಂದ ಪ್ರತಿ ಊಟಕ್ಕೂ ಬೈಗುಳ. ಸಪ್ಪೆ, ಮಣ್ಣು, ಆಸ್ಪತ್ರೆ ಗಂಜಿ, ಹಸುವಿನ ಬೂಸಾ ಇದಕ್ಕಿಂತ ವಾಸಿ. ನನಗೂ ನಾಲಿಗೆ ಇದೆ. "ಹಂಗಾದ್ರೆ ಕೊಟ್ಟಿಗೇಲೇ ಎಲೆ ಹಾಕ್ತೀನಿ," ಎಂದಿದ್ದೂ ಉಂಟು.

ಅತ್ತೆ ಜಗಳಕ್ಕೆ ಬರುವವರಲ್ಲ. ಅವರದು ಬೇರೆ ದಾರಿ. ಮುದ್ದೆ ಬಡಿಸುವಾಗ ಅದರಡಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಒಂದು ಹೋಳನ್ನು ಹುದುಗಿಸಿಬಿಡುತ್ತಿದ್ದರು. ಮಗ ಮುದ್ದೆ ಮುರಿದು ಅದನ್ನು ಕಂಡು, ನನ್ನ ಕಡೆ ಕಳ್ಳನ ಹಾಗೆ ನೋಡಿ, ನುಂಗಿಬಿಡುತ್ತಿದ್ದರು. ನಾನು ಹಿಡಿದಾಗ ಅತ್ತೆ, "ಉಪ್ಪು ಬಿಡ್ಸಿ ಬಿಡ್ಸಿ ನನ್ ಮಗ ಸೊರಗಿ ಹೋಗವ್ನೆ. ಗ್ಯಾಸಿಗೂ ಉಪ್ಪಿಗೂ ಏನವ್ವ ಸಂಬಂಧ?" ಅಂದರು. ಉತ್ತರ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ.

ನಡಿಗೆಯ ಕತೆ ಇನ್ನೂ ಚೆಂದ. ನಮ್ಮೂರಿನಲ್ಲಿ ಕೆಲಸವಿಲ್ಲದೆ ಯಾರೂ ನಡೆಯುವುದಿಲ್ಲ. ಹೊಲಕ್ಕೆ ನಡೆಯುತ್ತಾರೆ, ಡೈರಿಗೆ ನಡೆಯುತ್ತಾರೆ. ಬರೀ ನಡೆಯುವುದಕ್ಕೇ ನಡೆಯುವುದನ್ನು ಯಾರೂ ಕಂಡಿಲ್ಲ. ಬೆಳಗ್ಗೆ ಎಬ್ಬಿಸಿ, ಕೆರೆ ಏರಿಯ ಕಡೆಗೆ ಕಳಿಸಿದರೆ, ದಾರಿಯಲ್ಲಿ ಸಿಕ್ಕವರೆಲ್ಲ ಬೈಕು ನಿಲ್ಲಿಸಿ, "ಏನಣ್ಣ, ಗಾಡಿ ಕೆಟ್ಟೋಯ್ತಾ? ಹತ್ತು, ಬಿಡ್ತೀನಿ," ಅನ್ನುತ್ತಿದ್ದರು. ಬೇಡ ಎಂದರೆ ಅವರಿಗೆ ಬೇಜಾರು. ನನ್ನ ಗಂಡನಿಗೆ ಯಾರಿಗೂ ಬೇಜಾರು ಮಾಡುವ ಮನಸ್ಸಿಲ್ಲ, ನನ್ನೊಬ್ಬಳನ್ನು ಬಿಟ್ಟು. ನಡೆಯಲು ಹೋದವರು ಯಾರದ್ದೋ ಬೈಕಿನ ಹಿಂದೆ ಕೂತು ಬರುತ್ತಿದ್ದರು, ಅದೂ ದಾರಿಯಲ್ಲಿ ಬೋಂಡ ಅಂಗಡಿಯ ಮುಂದೆ ಇಳಿದು. ಕೊನೆಗೆ ಕೈಗೆ ಒಂದು ಕುಡುಗೋಲು ಕೊಟ್ಟು ಕಳಿಸಿದೆ. ಕುಡುಗೋಲು ಹಿಡಿದವನು ಹುಲ್ಲಿಗೆ ಹೋಗುತ್ತಿದ್ದಾನೆ ಎಂದು ಜನ ಸುಮ್ಮನಾದರು.

ಹೀಗೆ ಬೈಯುತ್ತಾ, ಬೈಸಿಕೊಳ್ಳುತ್ತಾ ಭಾದ್ರಪದ ಬಂತು. ಪಕ್ಷದ ಹಬ್ಬ ಹತ್ತಿರವಾಯಿತು. ನನಗೆ ನಿಜವಾದ ಹೆದರಿಕೆ ಶುರುವಾದದ್ದು ಆಗ.

ನಮ್ಮಲ್ಲಿ ಪಕ್ಷ ಎಂದರೆ ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಹಬ್ಬ. ಬದುಕಿದ್ದಾಗ ಅವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ನಾನು ಮಾವನವರನ್ನು ಬಲ್ಲದ್ದು ಈ ಎಲೆಯಿಂದಲೇ. ಎಲೆಯ ತುದಿಗೆ ಮೊದಲು ಉಪ್ಪು, ಅದೂ ಚಿಟಿಕೆಯಲ್ಲ, ಗುಪ್ಪೆ. ಚರ್ಬಿಯ ತುಂಡುಗಳೇ ಇರುವ ಕುರಿ ಬಾಡಿನ ಸಾರು, ಮುದ್ದೆ, ಎಣ್ಣೆ ಸೋರುವ ಕಜ್ಜಾಯ, ಹಪ್ಪಳ, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. "ನಿಮ್ಮಾವಂಗೆ ಉಪ್ಪು ಒಂದು ಕೈ ಮುಂದಿರ್ಬೇಕು," ಎನ್ನುತ್ತಾ ಅತ್ತೆ ಪ್ರತಿ ವರ್ಷ ತಾವೇ ನಿಂತು ಬಡಿಸುತ್ತಿದ್ದರು. ಬಾಗಿಲು ತೆಗೆದ ಮೇಲೆ ಆ ಎಲೆಯಲ್ಲಿ ಉಣ್ಣುವವನು ಹಿರಿಯ ಮಗ. ಬೇರೆ ಯಾರೂ ಮುಟ್ಟುವ ಹಾಗಿಲ್ಲ, ಒಂದು ಅಗುಳೂ ಬಿಡುವ ಹಾಗಿಲ್ಲ. ನಮ್ಮ ಮನೆಯ ಪದ್ಧತಿ ಅದು.

ಅಷ್ಟು ವರ್ಷ ಆ ಎಲೆಯನ್ನು ನೋಡಿದ್ದೆ. ಈ ವರ್ಷ ಮೊದಲ ಸಲ ನನಗೆ ಅದು ಬೇರೆಯಾಗಿ ಕಂಡಿತು. ಅಪ್ಪನನ್ನು ತಿಂದ ಊಟವನ್ನು ವರ್ಷ ವರ್ಷವೂ ಮಗನಿಗೆ ಉಣಿಸುತ್ತಿದ್ದೇವಲ್ಲ ಎನ್ನಿಸಿತು. ಗಂಡನಿಗೆ ಹೇಳಿದೆ. ಅವರು ಮಾತ್ರ ಹಬ್ಬಕ್ಕೆ ಕಾಯುವ ಮಕ್ಕಳ ಹಾಗೆ ಕಾಯುತ್ತಿದ್ದರು. "ಅವತ್ತೊಂದಿನ ನೀನು ಮಾತಾಡೋ ಹಂಗಿಲ್ಲ. ಅದು ನಮ್ಮಪ್ಪನ ಎಲೆ," ಅಂದರು. ಒಂದು ಊಟದಿಂದ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಒಂದು ಊಟ ಎಂದು ಶುರುವಾದದ್ದು ದೀಪಾವಳಿಗೆ ಇನ್ನೊಂದಾಗುತ್ತದೆ, ಬೀಗರ ಊಟಕ್ಕೆ ಮತ್ತೊಂದಾಗುತ್ತದೆ. ಈ ಮನುಷ್ಯ ನನಗೆ ಗೊತ್ತಿಲ್ಲವೇ?

ಹಬ್ಬದ ದಿನ ಬೆಳಗ್ಗೆ ಕುಡುಗೋಲು ಹಿಡಿದು ನಡಿಗೆಗೆ ಹೋದವರು ಹೊತ್ತಾದರೂ ಬರಲಿಲ್ಲ. ಫೋನು ಮಾಡಿದೆ. ಅದು ಮನೆಯ ಟೀವಿ ಪಕ್ಕದಲ್ಲೇ ಹಾಡಿತು. ಕಜ್ಜಾಯಕ್ಕೆ ಪಾಕ ಇಟ್ಟಿದ್ದವಳು ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಕೆರೆ ಏರಿಗೆ ಓಡಿದೆ. ಏರಿಯ ಮೇಲೆ ಯಾರೂ ಇರಲಿಲ್ಲ. ಕೆಳಗೆ ಜಾಲಿ ಗಿಡಗಳು ಒತ್ತಾಗಿ ಬೆಳೆದಿವೆ. ಅಲ್ಲಿ ಬಿದ್ದರೆ ಯಾರಿಗೂ ಕಾಣುವುದಿಲ್ಲ. ಪ್ರತಿ ಪೊದೆಯನ್ನೂ ಬಗ್ಗಿ ಬಗ್ಗಿ ನೋಡುತ್ತಾ ಹೋದೆ. "ರೀ, ರೀ," ಎಂದು ಕೂಗಿದೆ. ಆ 'ಇನ್ನೂ ಇದೀನಿ' ಎನ್ನುವ ಕೆಟ್ಟ ತಮಾಷೆಗಾಗಿ ಅವತ್ತು ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಏರಿಯ ಆ ತುದಿಯಲ್ಲಿ, ಹುಣಸೆಮರದ ಕೆಳಗೆ ಗುಂಪು ಕಂಡಿತು. ಗುಡ್ಡೆ ಬಾಡು ಹಾಕುತ್ತಿದ್ದರು. ಹಬ್ಬಕ್ಕೆ ನಾಲ್ಕಾರು ಮನೆಯವರು ಸೇರಿ ಒಂದು ಕುರಿ ಕಡಿದು, ಎಲ್ಲರಿಗೂ ಸಮನಾಗಿ ಮುತ್ತುಗದ ಎಲೆಯ ಮೇಲೆ ಗುಡ್ಡೆ ಗುಡ್ಡೆಯಾಗಿ ಪಾಲು ಹಾಕುತ್ತಾರೆ. ನನ್ನ ಗಂಡ ಗುಂಪಿನಿಂದ ಸ್ವಲ್ಪ ದೂರ ಕಲ್ಲಿನ ಮೇಲೆ ಕೂತಿದ್ದರು. ಕೈ ಎದೆಯ ಮೇಲಿತ್ತು, ಹಣೆಯಲ್ಲಿ ಬೆವರು. ಯಾರೋ ಆಗಲೇ ಸೋಡಾ ಬಾಟಲಿ ಹಿಡಿದು ನಿಂತಿದ್ದರು.

"ಏನಿಲ್ಲ ಕಣೆ, ಗ್ಯಾಸು," ಅಂದರು.

ನಾನು ಆ ಸೋಡಾ ಬಾಟಲಿ ಕಿತ್ತು ಕೆರೆಗೆ ಎಸೆದೆ. ಊರಿನ ಗಂಡಸರ ಮುಂದೆ ನಾನು ಜೋರು ದನಿಯಲ್ಲಿ ಮಾತಾಡಿದವಳಲ್ಲ. ಅವತ್ತು ಏನೇನು ಕೂಗಿದೆನೋ ನೆನಪಿಲ್ಲ. ಒಬ್ಬರು ಟೆಂಪೋ ತಂದರು. ಮನೆಯ ಮುಂದೆ ಆಸ್ಪತ್ರೆ ಫೈಲು ತೆಗೆದುಕೊಳ್ಳಲು ನಿಲ್ಲಿಸಿದಾಗ ಅತ್ತೆ ಮಗನ ಮುಖ ನೋಡಿದವರೇ, ಕೇಳದೆ ಹೇಳದೆ ಹತ್ತಿ ಕೂತುಬಿಟ್ಟರು. ದೊಡ್ಡಬಳ್ಳಾಪುರದವರೆಗೂ ಮಗನ ಬೆನ್ನು ಗುದ್ದುತ್ತಲೇ ಇದ್ದರು. "ತೇಗಪ್ಪ, ತೇಗು. ಒಂದು ತೇಗು ಬಂದ್ರೆ ಸರಿಹೋಗ್ತೈತೆ."

ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ತೆಗೆದರು, ನಮ್ಮನ್ನು ಕಾಯಿಸಿದರು, ಮತ್ತೆ ಇಸಿಜಿ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಡಾಕ್ಟರು ನಮ್ಮ ಮೂವರ ಎದುರು ಕುರ್ಚಿ ಎಳೆದುಕೊಂಡು ಕೂತರು. ಮಗಳ ವಯಸ್ಸಿಗಿಂತ ಸ್ವಲ್ಪ ಹೆಚ್ಚಿರಬಹುದು, ಅಷ್ಟೇ. "ಬೆಳಗ್ಗೆ ಏನು ತಿಂದ್ರಿ?" ಎಂದು ಕೇಳಿದರು. ನನ್ನ ಗಂಡ ನನ್ನ ಕಡೆ ನೋಡದೆ ಹೇಳಿದರು. ಗುಡ್ಡೆಯ ಹತ್ತಿರ ಬಿಸಿಬಿಸಿಯಾಗಿ ಹುರಿದ ಕುರಿಯ ಈಲಿ, ಅಂದರೆ ಲಿವರು, ಅದಕ್ಕೆ ಮೊದಲು ಬೋಂಡ.

"ಹಾರ್ಟ್‌ಗೆ ಏನೂ ಆಗಿಲ್ಲ. ಈ ಸಲ ನಿಜವಾಗ್ಲೂ ಗ್ಯಾಸೇ," ಅಂದರು ಡಾಕ್ಟರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅಳು, ನಗು, ಸಿಟ್ಟು ಮೂರೂ ಒಟ್ಟಿಗೆ ಬಂದವು. "ಆದ್ರೆ ಗ್ಯಾಸ್ ಅಂತ ನೀವೇ ತೀರ್ಮಾನ ಮಾಡ್ಬೇಡಿ. ಹೀಗೇ ಬಂದ್ಬಿಡಿ. ಸುಮ್ನೆ ಬಂದ್ವಲ್ಲ ಅಂತ ನಾಚಿಕೆ ಬೇಡ."

ಅಷ್ಟಕ್ಕೆ ಎದ್ದಿದ್ದರೆ ಆಗುತ್ತಿತ್ತು. ಅತ್ತೆ ಗೆದ್ದವರ ಹಾಗೆ ಸೆರಗು ಸರಿಮಾಡಿಕೊಂಡು, "ನಾನು ಹೇಳ್ಲಿಲ್ವಾ? ಅವರಪ್ಪಂಗೂ ಇದೇ ಗ್ಯಾಸು," ಅಂದರು.

ಡಾಕ್ಟರು ಅವರ ಕಡೆ ತಿರುಗಿದರು. "ಅವರಿಗೆ ಏನಾಗಿತ್ತಮ್ಮ?"

ಅತ್ತೆ ಹೇಳತೊಡಗಿದರು. ಅವರಿಗೆ ಎಲ್ಲವೂ ನೆನಪಿತ್ತು. ಬೆಳಗ್ಗೆಯಿಂದ ಎದೆ ಹಿಂಡುತ್ತೆ ಅನ್ನುತ್ತಿದ್ದರು, ಎಡಗೈ ಸೆಳೆಯುತ್ತೆ ಅಂದರು, ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವತಿದ್ದರು, ದವಡೆ ನೋಯುತ್ತೆ ಅಂದರು, ಓಂಕಾಳು ನೀರು ಕುಡಿದು ಮಲಗಿದರು. ಹೇಳುತ್ತಾ ಹೇಳುತ್ತಾ ಡಾಕ್ಟರ ಮುಖ ನೋಡಿ ಅವರ ಮಾತು ನಿಧಾನವಾಯಿತು. ನಾನು ಕಣ್ಣಿನಲ್ಲೇ ಬೇಡ ಎಂದು ಡಾಕ್ಟರಿಗೆ ಸನ್ನೆ ಮಾಡಿದೆ. ಅವರು ನೋಡಲಿಲ್ಲ.

"ಅದು ಗ್ಯಾಸ್ ಇರ್ಲಿಕ್ಕಿಲ್ಲಮ್ಮ. ಹಾರ್ಟೇ ಇರ್ಬೇಕು. ಆವಾಗ ನಿಮಗೆ ಯಾರು ಹೇಳ್ಬೇಕಿತ್ತು? ನಿಮ್ಮ ತಪ್ಪಲ್ಲ."

ಅತ್ತೆ, "ಏನು ಕೊಡ್ಬೇಕಾಗಿತ್ತು?" ಎಂದು ಕೇಳಿದರು. ತಕ್ಷಣ ಆಸ್ಪತ್ರೆಗೆ ತರಬೇಕಾಗಿತ್ತು, ಅದೇ ಮುಖ್ಯ ಎಂದರು ಡಾಕ್ಟರು. ಅತ್ತೆ ಬಿಡಲಿಲ್ಲ. "ಬಾಯಿಗೆ? ಬಾಯಿಗೇನು ಕೊಡ್ಬೇಕಾಗಿತ್ತು?" ಡಾಕ್ಟರು ನನ್ನ ಗಂಡನ ಅಂಗಿ ಜೇಬಿನಿಂದ ಮಾತ್ರೆಯ ಪಟ್ಟಿಯನ್ನು ತೆಗೆದು ತೋರಿಸಿದರು. ನೋವು ಬಂದರೆ ನಾಲಿಗೆಯ ಕೆಳಗೆ ಇಟ್ಟುಕೊಂಡು ಆಸ್ಪತ್ರೆಗೆ ಓಡಿ ಬರಲು ಬರೆದುಕೊಟ್ಟಿದ್ದ ಮಾತ್ರೆ ಅದು. ಅತ್ತೆ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಮಾತ್ರೆ ಸಾಸಿವೆಗಿಂತ ಸ್ವಲ್ಪ ದೊಡ್ಡದಿತ್ತು.

"ಇಷ್ಟೇನಾ?" ಅಂದರು.

ವಾಪಸು ಬರುವಾಗಲೂ ಅತ್ತೆ ಆ ಮಾತ್ರೆಯ ಪಟ್ಟಿಯನ್ನು ಕೈಯಿಂದ ಬಿಡಲಿಲ್ಲ. ನನಗೆ ಹೊಸ ಹೆದರಿಕೆ ಹತ್ತಿತು. ಒಬ್ಬರ ಎದೆ ಉಳಿಯಿತು ಎಂದರೆ ಇನ್ನೊಬ್ಬರದು ಒಡೆಯಿತೇ? ಮನೆಗೆ ಬಂದಾಗ ನಮ್ಮ ಪಾಲಿನ ಗುಡ್ಡೆಯನ್ನು ಯಾರೋ ತಂದು ಅಡುಗೆಮನೆಯಲ್ಲಿ ಇಟ್ಟಿದ್ದರು. ಈ ವರ್ಷ ಎಡೆ ಬೇಡ ಎಂದು ಹೇಳುವುದಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಈಳಿಗೆಮಣೆ ಎಳೆದುಕೊಂಡು ಕೂತಿದ್ದರು. "ನೀನು ಬಿಡವ್ವ. ಅಡುಗೆ ನಾನು ಮಾಡ್ತೀನಿ."

ನಾನು ಬಾಗಿಲಲ್ಲಿ ನಿಂತು ನೋಡಿದೆ. ಮಗ ಬೆಳಗ್ಗೆ ಆಸೆಪಟ್ಟು ಹಾಕಿಸಿಕೊಂಡಿದ್ದ ಚರ್ಬಿಯನ್ನೆಲ್ಲ ಅವರು ಒಂದೊಂದಾಗಿ ಕೊಯ್ದು ತೆಗೆದು, ಹಿತ್ತಲ ನಾಯಿಗೆ ಎಸೆದರು. ನಾನು ಮಾಡುವ ಹಾಗೆಯೇ ಚಮಚದಲ್ಲಿ ಎಣ್ಣೆ ಅಳೆದರು. ಇಡೀ ವರ್ಷ ಮೂಲೆಯಲ್ಲಿ ಕೂತು ನನ್ನ ಅಡುಗೆಗೆ ಮುಖ ಸಿಂಡರಿಸುತ್ತಲೇ ಕಲಿತುಬಿಟ್ಟಿದ್ದರು.

ಸಂಜೆ ಮಾವನವರ ಫೋಟೋ ಮುಂದೆ ಎಲೆ ಹಾಕಿದರು. ಮುದ್ದೆ, ತೆಳ್ಳನೆಯ ಸಾರು, ಸೊಪ್ಪಿನ ಪಲ್ಯ, ಹಬ್ಬ ಎಂಬ ಮಾತಿಗೆ ಒಂದೇ ಒಂದು ಕಜ್ಜಾಯ. ಬೀಡಿ ಕಟ್ಟು ಇಡಲಿಲ್ಲ. ಎಲೆಯ ತುದಿ ಖಾಲಿಯಿತ್ತು. ಉಪ್ಪಿನ ಜಾಡಿ ತಂದುಕೊಡಲೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅತ್ತೆ ಸೊಂಟದ ಗಂಟಿನಿಂದ ಏನನ್ನೋ ತೆಗೆದು ಉಪ್ಪಿನ ಜಾಗದಲ್ಲಿ ಇಟ್ಟರು. ಆಸ್ಪತ್ರೆಯಲ್ಲಿ ಕಂಡಿದ್ದ ಅದೇ ಮಾತ್ರೆ.

"ತಗೊಳಿ," ಅಂದರು ಫೋಟೋಗೆ. "ನಂಗೆ ಗೊತ್ತಾಗ್ಲಿಲ್ಲ. ನಾಲಿಗೆ ಕೆಳಗೆ ಇಟ್ಕೊಬೇಕಂತೆ."

ನನ್ನ ಗಂಡ ಕರ್ಪೂರ ಹಚ್ಚಲು ಬಗ್ಗಿದವರು ಹಾಗೇ ನಿಂತರು. ಕಡ್ಡಿ ಅವರ ಬೆರಳಿನವರೆಗೂ ಉರಿಯಿತು. ಇನ್ನೊಂದು ಕಡ್ಡಿ ನಾನು ಗೀರಿ ಕೊಟ್ಟೆ. ಧೂಪ ಹಾಕಿ, ಅಡ್ಡಬಿದ್ದು, ಬಾಗಿಲು ಮುಚ್ಚಿ ಮೂವರೂ ಜಗಲಿಯ ಮೇಲೆ ಕೂತೆವು. ಊರಿನ ಎಲ್ಲ ಮನೆಗಳಿಂದಲೂ ಬಾಡಿನ ಸಾರಿನ ವಾಸನೆ ಬರುತ್ತಿತ್ತು.

"ಬೀಡಿ ಇಡ್ಲಿಲ್ಲ, ಉಪ್ಪೂ ಇಡ್ಲಿಲ್ಲ," ಅಂದರು ನನ್ನ ಗಂಡ, ಮೆಲ್ಲಗೆ. "ಅಪ್ಪ ಬೈಕೊಳ್ಳಲ್ವೇನಮ್ಮ?"

"ಬೈಲಿ," ಅಂದರು ಅತ್ತೆ. "ಅವರ ಬೈಗುಳ ಕೇಳಿ ಎಷ್ಟು ವರ್ಷ ಆಯ್ತು."

ಬಾಗಿಲು ತೆಗೆದಾಗ ಎಲ್ಲರಿಗಿಂತ ಮೊದಲು ಒಳಗೆ ಹೋದವಳು ನಾನು. ಎಡೆಯನ್ನು ಹಿರಿಮಗನಲ್ಲದೆ ಯಾರೂ ಮುಟ್ಟಬಾರದು, ಗೊತ್ತು. ಆ ಎಲೆಯಲ್ಲಿ ಒಂದು ಅಗುಳೂ ಬಿಡದೆ ತಿನ್ನುವ ಮನುಷ್ಯನೂ ನನಗೆ ಗೊತ್ತು. ಮಾತ್ರೆಯನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಅತ್ತೆ ನೋಡಿ, ಮಗನಿಗೆ ಮಣೆ ಹಾಕಿದರು.

ನನ್ನ ಗಂಡ ಅಪ್ಪನ ಎಲೆಯ ಮುಂದೆ ಕೂತರು. ಮುದ್ದೆ ಮುರಿದು, ಅಭ್ಯಾಸಬಲದಿಂದ ಅದರ ಅಡಿಯಲ್ಲಿ ಹುಡುಕಿದರು. ಉಪ್ಪಿನಕಾಯಿ ಇರಲಿಲ್ಲ. ಸಾರಿನಲ್ಲಿ ಅದ್ದಿ ಒಂದು ತುತ್ತು ನುಂಗಿದರು. ಮುಖ ಕಿವುಚಿದರು.

"ಏನಮ್ಮ ಇದು? ವರ್ಷಕ್ಕೊಂದಿನ ಬಾಡು, ಅದ್ರಲ್ಲೂ ಒಂದು ಹರಳು ಉಪ್ಪಿಲ್ಲ. ಮಣ್ಣು ತಿಂದಂಗೈತೆ! ಇದನ್ನ ಯಾರು ತಿಂತಾರೆ?"

ವರ್ಷವಿಡೀ ನನ್ನ ತಲೆ ತಿಂದ ಮಾತು. ಅತ್ತೆ ಮಗನ ಎದುರಿಗೆ, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವರು ಹೋಗಲಿಲ್ಲ.

"ಬೈಯಪ್ಪ," ಅಂದರು. "ಬೈತಾನೇ ತಿನ್ನು."